ಲಕ್ಕಿ ಗಿಡಕ್ಕೆ ಹೇಳಿದ ಹೆಸರು

ಇಲಿಗಳ ಸಲುವಾಗಿ ನಾನು ನಮ್ಮವ್ವನ ಹೆಸರಿನಲ್ಲಿ ಸುಳ್ಳು ಹೇಳಿದ ವರ್ಷವೊಂದಿದೆ. ಅದು ನೆನಪಿಗೆ ಬಾರದ ಹಾಗೆ ಹದಿನಾಲ್ಕು ವರ್ಷ ಬಹಳ ಜಾಣತನದಿಂದ ನಡೆದುಕೊಂಡಿದ್ದೆ. ಹುಬ್ಬಳ್ಳಿಯಿಂದ ಬರುತ್ತಿದ್ದೆ, ಬೆಟಗೇರಿಯ ಅವ್ವನ ಮನೆಯಲ್ಲಿ ಎರಡು ದಿನ ಇರುತ್ತಿದ್ದೆ, ರೊಟ್ಟಿ ಗಂಟು ಕಟ್ಟಿಸಿಕೊಂಡು ಹೊರಳಿ ಹೋಗುತ್ತಿದ್ದೆ. ಗದಗ ಬಸ್‌ಸ್ಟ್ಯಾಂಡಿನಲ್ಲಿ ಮುಂಡರಗಿ ಬಸ್ಸು ನಿಲ್ಲುವ ಕಡೆ ಮುಖ ಕೂಡ ಮಾಡುತ್ತಿರಲಿಲ್ಲ. ಈ ವರ್ಷ ಮೃಗಶಿರ ಮಳೆ ಹಿಡಿದ ಮೇಲೆ ಆ ಬಸ್ಸು ಹತ್ತಲೇಬೇಕಾಯಿತು. ಡೋಣಿ ದಾಟಿ, ಕಪ್ಪತಗುಡ್ಡದ ಬುಡದ ಒಂದು ಕ್ರಾಸಿನಲ್ಲಿ ಇಳಿದು, ಹಳ್ಳದ ಕಡೆ ಹತ್ತು ಹೆಜ್ಜೆ ಇಟ್ಟಿದ್ದೆ ಅಷ್ಟೆ. ಗಾಳಿ ಆ ವಾಸನೆಯನ್ನು ತಂದು ಮುಖಕ್ಕೆ ಹೊಡೆಯಿತು. ಲಕ್ಕಿ ಎಲೆಯ ವಾಸನೆ. ಅರ್ಧ ಖಾರ, ಅರ್ಧ ಕಹಿ, ಹಿಂದಿನಿಂದ ಸ್ವಲ್ಪ ಕರ್ಪೂರ. ಅಲ್ಲೇ ಬದುವಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಕಾಲು ಸೋತಿರಲಿಲ್ಲ, ಮುಂದೆ ಹೋಗಲು ಧೈರ್ಯವಿರಲಿಲ್ಲ.

ಆ ವರ್ಷ ನಾನು ಗದಗಿನಲ್ಲಿ ಔಷಧಶಾಸ್ತ್ರದ ಎಂ.ಫಾರ್ಮಾ ಕೊನೆಯ ವರ್ಷದಲ್ಲಿದ್ದೆ. ನಮ್ಮ ಗೈಡ್ ಸರ್ ನನಗೆ ಕೊಟ್ಟ ವಿಷಯ, ನಮ್ಮ ಸೀಮೆಯ ಗಿಡಗಳ ಸಾರಕ್ಕೆ ಉರಿಯೂತ ಇಳಿಸುವ ಗುಣ ಎಷ್ಟಿದೆ ಎಂದು ಪರೀಕ್ಷಿಸುವುದು. ಉರಿಯೂತ ಪುಸ್ತಕದ ಮಾತು, ನಮ್ಮ ಓಣಿಯಲ್ಲಿ ಅದಕ್ಕೆ ಬಾವು ಎನ್ನುತ್ತಾರೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದವರಿಗೆ ಬಾವಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವೆಲ್ಲ ಮಗ್ಗ ತುಳಿಯುವ ಹೆಂಗಸರು ಸಂಜೆ ಮೇಲೆದ್ದರೆ ಮೊಣಕಾಲು ಬಿಸಿ ಬಿಸಿ ಬನ್ನಿನ ಹಾಗೆ ಉಬ್ಬಿರುತ್ತವೆ. ನಮ್ಮವ್ವ ನೀಲವ್ವ ಒಬ್ಬಳೇ ಅದಕ್ಕೆ ಹೊರತು. ಐವತ್ತು ದಾಟಿದರೂ ಅವಳ ಮೊಣಕಾಲು ಹರೆಯದ ಹುಡುಗಿಯವು. "ನನ್ನ ಕಾಲಿಗೆ ಬಾವು ಬರಾಕ ಪುರುಸೊತ್ತ ಎಲ್ಲಿ ಕೊಟ್ಟೀನಿ?" ಎನ್ನುತ್ತಿದ್ದಳು.

ನಾನು ಆರಿಸಿಕೊಂಡದ್ದು ಬಾವಿಗೆ ಕಟ್ಟುವ ಲಕ್ಕಿ. ಲಕ್ಕಿ ಗಿಡ ಎಲ್ಲಿಲ್ಲ? ಹಳ್ಳದ ದಂಡೆ, ಹೊಲದ ಬೇಲಿ, ಎಲ್ಲೆಂದರಲ್ಲಿ. ಆದರೆ ಪ್ರಯೋಗಕ್ಕೆ ಒಂದೇ ಜಾಗದ ಎಲೆ ಬೇಕು, ಅದನ್ನು ಬಳಸಿ ಗೊತ್ತಿರುವವರ ಬಾಯಿಂದ ಬಳಕೆಯ ಕ್ರಮವನ್ನೂ ಬರೆದುಕೊಳ್ಳಬೇಕು ಎಂದು ಸರ್ ಹೇಳಿದ್ದರು. ಹೀಗೆ ವಿಚಾರಿಸುತ್ತ ಹೋಗಿ ಗುಡ್ಡದ ಬುಡದ ಆ ಊರಿನಲ್ಲಿ ನಾಟಿ ಮದ್ದು ಕೊಡುವ ಮುದುಕಿ ಹುಸೇನಬಿ ಸಿಕ್ಕಳು. ಊರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿತ್ತು. ಲಿಂಗಾಯತರ ಮನೆಯ ಹಿರಿಯರೂ ಕೀಲು ಹಿಡಿದರೆ ಆಯಿಯ ಕಟ್ಟೆಗೇ ಬರುತ್ತಿದ್ದರು. ಮಗ ಗೌಂಡಿ, ಮನೆ ಕಟ್ಟುತ್ತ ಊರೂರು ತಿರುಗುವವನು. ಸೊಸೆ ಮುಮ್ತಾಜ್ ಆಗ ತಾನೇ ಮದುವೆಯಾಗಿ ಬಂದಿದ್ದಳು, ನನಗಿಂತ ಚಿಕ್ಕವಳು. ಮನೆಯ ಹಿಂದೆಯೇ ಹಳ್ಳ, ಹಳ್ಳದ ದಂಡೆಗೆ ಆಳೆತ್ತರದ ಲಕ್ಕಿ ಗಿಡಗಳ ಸಾಲು.

ಮೊದಲ ದಿನವೇ ಆಯಿ ನನ್ನನ್ನು ಗಿಡದ ಮುಂದೆ ನಿಲ್ಲಿಸಿದಳು. ನಾನು ಕೊಂಬೆಗೆ ಕೈ ಹಾಕಿದ್ದೇ ತಡ, ಕೈಗೆ ಪಟ್ಟನೆ ಒಂದು ಕೊಟ್ಟಳು.

"ಯಾರ ಸಲುವಾಗಿ?"

"ಅಂದ್ರ, ಆಯಿ?"

"ಯಾರ ಸಲುವಾಗಿ ಕೀಳ್ತಿ ಅದನ್ನ ಗಿಡಕ್ಕ ಹೇಳಬೇಕು. ಹೆಸರ ಹೇಳು, ಊರ ಹೇಳು, ಎಲ್ಲಿ ನೋವು ಐತಿ ಹೇಳು. ಸುಮ್ಮ ಕಿತ್ತರ ಅದು ಮದ್ದಲ್ಲ, ಬರೇ ತಪ್ಪಲ."

ನಮ್ಮ ಕಡೆ ಎಲೆಗೆ ತಪ್ಪಲ ಎನ್ನುತ್ತಾರೆ. ಆಡಿಗೆ ಹಾಕುವುದೂ ತಪ್ಪಲವೇ. ಅದು ಮದ್ದಾಗುವುದು ಹೆಸರು ಹೇಳಿದ ಮೇಲೆ. ಆಯಿಯ ಕಾನೂನು ಒಟ್ಟು ಮೂರು. ಯಾರಿಗೆಂದು ಹೇಳಿ ಕೀಳಬೇಕು. ಯಾರ ಹೆಸರು ಹೇಳಿ ಕಿತ್ತೆವೋ ಅವರ ಮೈಗೇ ಅದು ಮುಟ್ಟಬೇಕು. ತನ್ನ ಸಲುವಾಗಿ ತಾನೇ ಕೀಳಬಾರದು.

ನನ್ನ ಎಲೆಗಳು ಹೋಗುವುದು ಇಲಿಗಳಿಗೆ. ಕಾಲೇಜಿನ ಪಂಜರಗಳಲ್ಲಿ ಬಿಳಿ ಇಲಿಗಳಿದ್ದವು. ಪಾದಕ್ಕೆ ಚುಚ್ಚಿ ಬಾವು ಬರಿಸುವುದು, ಕೆಲವಕ್ಕೆ ಬರೀ ನೀರು, ಕೆಲವಕ್ಕೆ ಪೇಟೆಯ ಮಾತ್ರೆ, ಕೆಲವಕ್ಕೆ ನನ್ನ ಲಕ್ಕಿಯ ಸಾರ ಕುಡಿಸುವುದು, ತಾಸಿಗೊಮ್ಮೆ ಪಾದವನ್ನು ಪಾದರಸದ ಬಟ್ಟಲಿನಲ್ಲಿ ಅದ್ದಿ ಬಾವು ಎಷ್ಟು ಇಳಿಯಿತೆಂದು ಅಳೆಯುವುದು. ಇದನ್ನು ಈ ಮುದುಕಿಗೆ ಹೇಗೆ ಹೇಳಲಿ? ಇಲಿ ಸಲುವಾಗಿ ಎಂದರೆ ಬಡಿಗೆ ತೆಗೆದುಕೊಂಡು ಹಳ್ಳ ದಾಟಿಸಿಬಿಡುತ್ತಾಳೆ ಎಂದುಕೊಂಡೆ. ಎಂ.ಫಾರ್ಮಾ ಓದಿದ ಬಾಯಿಗೆ ಆ ಹೊತ್ತಿನಲ್ಲಿ ಬಂದ ಹೆಸರು ಒಂದೇ.

"ಬೆಟಗೇರಿ ನೀಲವ್ವನ ಮೊಣಕಾಲ ಸಲುವಾಗಿ," ಎಂದೆ.

"ನಿನಗೇನಾಗಬೇಕು?"

"ನಮ್ಮವ್ವ."

ಆಯಿಯ ಮುಖ ಮೆತ್ತಗಾಯಿತು. ನನ್ನ ಕೈಯನ್ನು ತಾನೇ ಹಿಡಿದು ಕೊಂಬೆಯ ಮೇಲಿಟ್ಟಳು. "ನಾ ಬಿಸ್ಮಿಲ್ಲಾ ಅಂತೀನಿ, ನೀ ನಿಮ್ಮ ದೇವರನ್ನ ನೆನಸು. ತುದಿ ಬಿಡು, ಬುಡದ ಹಣ್ಣೆಲಿ ಬಿಡು, ನಡುವಿಂದು ತಗೋ," ಎಂದಳು. ಚೀಲ ತುಂಬ ಕಿತ್ತೆ. ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು ಎನ್ನುತ್ತಾರಲ್ಲ, ಹಾಗೆ ಹೇಳಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನನ್ನ ಜಾಣತನಕ್ಕೆ ನಾನೇ ನಕ್ಕೆ.

ಆ ಮಳೆಗಾಲ ಪೂರ್ತಿ ನನ್ನ ಭಾನುವಾರಗಳು ಆಯಿಯವು. ಅಂಥ ಮಳೆಗಾಲ ನನ್ನ ಪಾಲಿಗೆ ಮತ್ತೆ ಬರಲಿಲ್ಲ. ಗದಗ ಬಿಡುವಾಗ ಒಣ ಗಾಳಿ, ಗುಡ್ಡ ಹತ್ತಿರ ಬರುತ್ತಿದ್ದಂತೆ ಹನಿ. ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಮೋಡದೊಳಗೆ ತಿರುಗುತ್ತ, ಒಂದು ರೆಕ್ಕೆ ಕಂಡರೆ ಒಂದು ಕಾಣದು. ಕೆಂಪು ಮಣ್ಣು ಚಪ್ಪಲಿಗೆ ಹತ್ತಿ, ಹತ್ತು ಹೆಜ್ಜೆಗೆ ನಾನು ಒಂದು ಇಂಚು ಎತ್ತರವಾಗುತ್ತಿದ್ದೆ. ಹೆಸರುಕಾಳು ಬಿತ್ತಿದ ಹೊಲದಲ್ಲಿ ಹೆಂಗಸರು ಕಳೆ ತೆಗೆಯುತ್ತ ನನ್ನನ್ನು ಕಂಡರೆ, "ಬಂದ್ಲು ನೋಡ್ರೆ ತಪ್ಪಲದ ಅಕ್ಕಾರು!" ಎಂದು ಕೂಗುತ್ತಿದ್ದರು. ಆಯಿ ಕಟ್ಟೆಯ ಮೇಲೆ ಕಾಲು ಚಾಚಿ ಕಾಯುತ್ತಿದ್ದಳು. ಮುಮ್ತಾಜ್ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಡುತ್ತಿದ್ದಳು. ತಿಂದು ಹಳ್ಳದ ದಂಡೆಗೆ ಇಳಿದರೆ ಮಧ್ಯಾಹ್ನದವರೆಗೆ ಕೀಳುವುದು, ಮಾತಾಡುವುದು.

ಕಾಯಿಸುವುದನ್ನೂ ಕಲಿಸಿದಳು. ಮಣ್ಣಿನ ಬೋಗುಣಿಯಲ್ಲಿ ಹಸಿ ಎಲೆ, ಮೇಲೆ ಸ್ವಲ್ಪ ಔಡಲೆಣ್ಣೆ, ಮುಚ್ಚಳ, ಮುಚ್ಚಳದ ಸುತ್ತ ಹಸಿ ಬಟ್ಟೆ. ಸಣ್ಣ ಉರಿ. ವಾಸನೆ ಹೊರಗೆ ಬಂದರೆ ಕೆಟ್ಟಿತು. "ಮುಚ್ಚಳ ಒಲಿ ಮ್ಯಾಲ ತಗೀಬಾರದು ನೋಡ, ಮೊಣಕಾಲ ಮ್ಯಾಲ ತಗೀಬೇಕು," ಎನ್ನುತ್ತಿದ್ದಳು. ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನು ಪ್ರಯೋಗಾಲಯದಲ್ಲಿ ಮರೆತೆ. ಮಳೆಗಾಲದ ತಂಪಿಗೆ ಎಲೆ ನೆರಳಲ್ಲಿ ಒಣಗಲೊಲ್ಲದು, ಬೂಷ್ಟು ಹಿಡಿಯುತ್ತಿತ್ತು. ಅವಸರ ಬಿದ್ದು ಬಿಸಿಗಾಳಿಯ ಪೆಟ್ಟಿಗೆಯಲ್ಲಿಟ್ಟು ಜೋರು ಶಾಖದಲ್ಲಿ ಒಣಗಿಸಿದೆ. ಕಾಲೇಜಿನ ಪಡಸಾಲೆಯೆಲ್ಲ ಘಮ್ಮೆನ್ನುತ್ತಿತ್ತು, ಗೆಳತಿಯರು ಮೂಗರಳಿಸಿ ಉಸಿರೆಳೆದುಕೊಂಡು ಹೋಗುತ್ತಿದ್ದರು. ನನಗೆ ಹೆಮ್ಮೆ. ಇಲಿಗಳ ಪಾದ ಮಾತ್ರ ಇಳಿಯಲಿಲ್ಲ. ಬರೀ ನೀರು ಕುಡಿದವಕ್ಕೂ ನನ್ನ ಸಾರ ಕುಡಿದವಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಸಾರ ಕಡಿಮೆಯಾಯಿತೇನೋ ಎಂದು ಇನ್ನೂ ಎಲೆ, ಇನ್ನೂ ಚೀಲ.

ಎಲೆ ಹೆಚ್ಚು ಬೇಕಾದ ಹಾಗೆ ಅವ್ವನ ರೋಗವೂ ಹೆಚ್ಚಾಗಬೇಕಲ್ಲ. ಮೊದಲು ಒಂದು ಮೊಣಕಾಲು. ಆಮೇಲೆ ಎರಡೂ. ಆಮೇಲೆ ಹಿಮ್ಮಡಿ, ಮೊಣಕೈ. ಶ್ರಾವಣ ಮುಗಿಯುವ ಹೊತ್ತಿಗೆ ಬಾವು ಬರದ ಕೀಲು ನಮ್ಮವ್ವನ ಮೈಯಲ್ಲಿ ಒಂದೂ ಉಳಿದಿರಲಿಲ್ಲ. ಅತ್ತ ಬೆಟಗೇರಿಯಲ್ಲಿ ಅವಳು ಪಂಚಮಿಗೆ ಜೋಕಾಲಿ ಜೀಕಿ ಬಂದಿದ್ದಳು.

"ಸ್ವಲ್ಪರ ಕಡಿಮಿ ಆತೇನು?" ಎಂದು ಪ್ರತಿ ಭಾನುವಾರ ಆಯಿ ಕೇಳುತ್ತಿದ್ದಳು.

"ಇಲ್ರಿ ಆಯಿ. ಹಂಗೇ ಐತಿ."

ಇಲಿಗಳ ಲೆಕ್ಕದಲ್ಲಿ ಅದು ಖರೆ ಮಾತು. ಹೀಗೆ ಹೇಳಿ ಹೇಳಿ, ಸುಳ್ಳಿನೊಳಗೆ ಒಂದು ಸತ್ಯವಿದೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಯಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಅದೇಕೆ ನೋಡಿಕೊಳ್ಳುತ್ತಾಳೆಂದು ನಾನು ಕೇಳಲಿಲ್ಲ. ಕಟ್ಟೆಯ ಮುಂದೆ ಮೊದಲು ಕಾಣುತ್ತಿದ್ದ ಜನ ಕಡಿಮೆಯಾದದ್ದನ್ನೂ ಗಮನಿಸಿದೆ, ಹೊಲದ ಕೆಲಸದ ದಿನಗಳು ಎಂದುಕೊಂಡು ಬಿಟ್ಟೆ.

ಭಾದ್ರಪದದ ಒಂದು ಭಾನುವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡಲೆಂದು ತಲೆ ಬಾಚಿಕೊಳ್ಳುತ್ತಿದ್ದೆ. ಒಳಗೆ ಅವ್ವ ಮಗ್ಗದಲ್ಲಿ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಕನ್ನಡಿಯಲ್ಲಿ ಕಂಡಿದ್ದು ಆಯಿಯ ಹಸಿರು ಸೆರಗು. ಕಂಕುಳಲ್ಲಿ ಬೋಗುಣಿ, ಕೈಯಲ್ಲಿ ಎಲೆಯ ಗಂಟು. ಔಷಧದ ಕಾಲೇಜಿಗೆ ಹೋಗುವ ಹುಡುಗಿಯ ಅವ್ವ, ಮೈಯೆಲ್ಲ ಬಾವು ಬಂದಾಕಿ, ನೀಲವ್ವ ಎಂದು ಓಣಿ ಓಣಿ ಕೇಳುತ್ತ ಬಂದಿದ್ದಳಂತೆ. ನೀಲವ್ವ ಇದ್ದಾಳೆ, ಬಾವು ಬಂದದ್ದು ಗೊತ್ತಿಲ್ಲ ಎಂದು ಓಣಿಯವರು ಮನೆ ತೋರಿಸಿದ್ದರು.

ನನ್ನ ಕೈಯಲ್ಲಿದ್ದ ಬಾಚಣಿಕೆ ಕೂದಲಲ್ಲೇ ನಿಂತಿತು.

"ಎಲ್ಲಿ ನಿಮ್ಮವ್ವ? ಮಲಗಿದ್ರ ಎಬ್ಬಿಸಬ್ಯಾಡ. ನಾನ ಒಳಗ ಬರ್ತೀನಿ," ಎಂದಳು ಆಯಿ.

ಒಳಗಿನಿಂದ ಲಾಳಿಯ ಸದ್ದು ನಿಂತಿತು. ಅವ್ವ ಎರಡೂ ಕೈ ಊರಿ ಕುಣಿಯಿಂದ ಟಣ್ಣನೆ ಮೇಲೆದ್ದು, ಸೀರೆ ಕೊಡವಿಕೊಂಡು ಪಡಸಾಲೆಗೆ ಬಂದಳು. "ಬರ್ರಿ ಆಯಿ, ಕುಂಡ್ರಿ. ಯಾವೂರಾತು? ಯಾರ ಬೇಕಾಗಿತ್ತು?"

ಆಯಿ ಅವ್ವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಬಗ್ಗಿ, ಕೇಳದೆ ಹೇಳದೆ, ಸೀರೆಯ ನೆರಿಗೆ ಮೊಣಕಾಲವರೆಗೆ ಎತ್ತಿ ಎರಡೂ ಕೈಯಿಂದ ಮುಟ್ಟಿ ನೋಡಿದಳು. ಅವ್ವ ಕಚಗುಳಿಯಾಗಿ ಹಿಂದೆ ಸರಿದಳು.

"ನೀಲವ್ವ ನೀನ ಏನು?"

"ಹೌದ್ರಿ."

"ಕಾಲಿಗೆ ಬಾವು?"

"ನನ್ನ ಕಾಲಿಗೇನಾಗೇತ್ರಿ! ಕಲ್ಲಿದ್ದಂಗ ಅದಾವು." ಅವ್ವ ನನ್ನ ಕಡೆ ತಿರುಗಿದಳು. "ಏನ ಇದು, ಶೈಲಾ?"

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ನಾನು ಹೆಗಲು ಮುಟ್ಟಿಕೊಂಡಾಗಿತ್ತು. ಎಲ್ಲ ಹೇಳಿದೆ. ಕಾಲೇಜು, ಇಲಿ, ಪಾದರಸದ ಬಟ್ಟಲು, ಮೊದಲ ದಿನ ಬಾಯಿಗೆ ಬಂದ ಹೆಸರು, ಆಮೇಲೆ ಒಂದೊಂದೇ ಸೇರಿಸಿದ ಕೀಲು. ಅವ್ವ ಕಟ್ಟಿಗೆ ಹುಡುಕುವವಳ ಹಾಗೆ ಸುತ್ತ ನೋಡುತ್ತಿದ್ದಳು. ಆಯಿ ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ತಲೆ ಎತ್ತಿದರೆ ಆಯಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

"ಹಂಗಾರ ನನ್ನ ಕೈಗುಣ ಹೋಗಿಲ್ಲ," ಎಂದಳು. "ಯಾ ಅಲ್ಲಾ. ಹೋಗಿಲ್ಲ."

ಆಗ ಗೊತ್ತಾಯಿತು. ಇಷ್ಟು ಚೀಲ ಮದ್ದು ಹೋದರೂ ಬೆಟಗೇರಿಯ ಹೆಂಗಸಿನ ಬಾವು ಇಳಿಯಲಿಲ್ಲವೆಂದರೆ ತನ್ನ ಕೈಯ ಗುಣವೇ ಹೋಯಿತು ಎಂದು ಆಯಿ ತಿಳಿದಿದ್ದಳು. ಕೈಗುಣ ಹೋದವಳು ಮದ್ದು ಕೊಡಬಾರದು. ಒಂದು ತಿಂಗಳಿನಿಂದ ಬಂದವರನ್ನೆಲ್ಲ, "ಬ್ಯಾರೆ ಕಡೆ ತೋರಿಸ್ರಿ, ನನ್ನ ಕೈಯಾಗ ಏನೂ ಉಳದಿಲ್ಲ," ಎಂದು ಕಟ್ಟೆಯಿಂದಲೇ ಕಳಿಸಿದ್ದಳು. ಕಟ್ಟೆ ಖಾಲಿಯಾದದ್ದು ಹೊಲದ ಕೆಲಸಕ್ಕಲ್ಲ. ನಲವತ್ತು ವರ್ಷ ಆ ಕೈ ನಂಬಿ ಬದುಕಿದವಳು ಒಂದು ತಿಂಗಳು ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಕೊನೆಗೆ ತಡೆಯದೆ, ಒಂದು ಸಲ ಕಣ್ಣಾರೆ ನೋಡಿಬಿಡೋಣ, ತಾನೇ ಕಿತ್ತು ತಾನೇ ಕಾಯಿಸಿ ಹಚ್ಚೋಣ, ಅದಕ್ಕೂ ಇಳಿಯದಿದ್ದರೆ ಗಿಡದ ಕಡೆ ಇನ್ನು ಹೋಗುವುದು ಬೇಡ ಎಂದು ಬಸ್ಸು ಹತ್ತಿದ್ದಳು. ನನ್ನ ಸುಳ್ಳು ಯಾರ ತಲೆಯ ಮೇಲೆ ಹೊಡೆದಿತ್ತು ಎಂದು ಆ ಹೊತ್ತು ತಿಳಿಯಿತು. ನಾಚಿಕೆಯಿಂದ ನನಗೆ ಅಳು ಬಂತು. ಆಯಿಯ ಕಾಲು ಹಿಡಿಯಲು ಬಗ್ಗಿದೆ. ಹಿಡಿದರೆ ಬಿಸಿ. ಎರಡೂ ಮೊಣಕಾಲು ಊದಿದ್ದವು.

"ಆಯಿ, ನಿಮ್ಮ ಕಾಲಿಗೇ ಬಾವು ಬಂದಾವಲ್ರಿ!"

"ಅದಿರ್ಲಿ ಬಿಡ. ಒಲಿ ಎಲ್ಲೈತಿ?"

ಒಲೆ ಹಚ್ಚಿಸಿ ಬೋಗುಣಿ ಇಟ್ಟಳು. ಎಲೆ ಕಾದ ಮೇಲೆ ಅವ್ವನನ್ನು ಕೂರಿಸಿ ಕಾಲು ಚಾಚು ಎಂದಳು.

"ನನಗೇನೂ ಆಗಿಲ್ಲಂತ ಹೇಳಿದ್ನಲ್ರಿ," ಎಂದಳು ಅವ್ವ.

"ನಿನ್ನ ಹೆಸರ ಹೇಳಿ ಕಿತ್ತೀನವ್ವ. ನಿನಗ ಮುಟ್ಟಬೇಕು. ಗಿಡಕ್ಕ ಕೊಟ್ಟ ಮಾತು."

ಮುಚ್ಚಳ ಮೊಣಕಾಲ ಮೇಲೆಯೇ ತೆಗೆದಳು. ಒಂದು ಹಿಡಿ ಎಲೆ ತೆಗೆದು, ಮೊದಲು ತನ್ನ ಮುಂಗೈ ಮೇಲೆ ಇಟ್ಟು ಸುಡುತ್ತದೆಯೇ ಎಂದು ನೋಡಿ, ಆಮೇಲೆ ಅವ್ವನ ಗಟ್ಟಿಮುಟ್ಟಾದ ಮೊಣಕಾಲಿಗೆ ಹಚ್ಚಿ ಬಟ್ಟೆ ಸುತ್ತಿದಳು. ಎರಡಕ್ಕೂ. ಆಮೇಲೆ ಹಿಮ್ಮಡಿಗೆ, ಮೊಣಕೈಗೆ, ನಾನು ಹೇಳಿದ್ದಕ್ಕೆಲ್ಲ. ಅವ್ವ ಕೀಲುಕೀಲಿಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿ ನಗುತ್ತಿದ್ದಳು. ಬಾಗಿಲಲ್ಲಿ ಅರ್ಧ ಓಣಿ ನಿಂತಿತ್ತು. ಮುಂದೆ ಎಷ್ಟೋ ವರ್ಷ ಅವಳಿಗೆ ಕಾಲುನೋವು ಬರಲಿಲ್ಲ, ಆಯಿಯ ಕೈ ಎಂದು ಅವಳ ನಂಬಿಕೆ. ನಾನು ಔಷಧಶಾಸ್ತ್ರ ಕಲಿಸುವವಳು, ಸುಮ್ಮನಿರುತ್ತಿದ್ದೆ.

ಊಟವಾದ ಮೇಲೆ ಆಯಿ, "ಎಲ್ಲಿ, ನಿನ್ನ ಇಲಿ ತೋರ್ಸು," ಎಂದಳು. ಗೈಡ್ ಸರ್‌ಗೆ ಫೋನು ಮಾಡಿದೆ. ಅವರು ದೊಡ್ಡ ಮನಸ್ಸಿನವರು, ಭಾನುವಾರವಾದರೂ ಬಂದರು. ಇಲಿಗಳ ಕೋಣೆಗೆ ಹೊರಗಿನವರನ್ನು ಬಿಡುವಂತಿಲ್ಲ, ಗಾಜಿನ ಬಾಗಿಲಿನಿಂದ ತೋರಿಸಿದೆವು. ಆಯಿ ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿದಳು. "ಪಾಪ, ಇವಕ್ಕ ನೋವು ಬಂದೇ ಇದ್ದಿಲ್ಲ. ನೀವ ಬರಿಸೀರಿ," ಎಂದಳು. ಹೊರಳಿ ಬರುವಾಗ ಪಡಸಾಲೆಯಲ್ಲಿ ನಿಂತು ಗಾಳಿ ಮೂಸಿದಳು. "ಇದೇನು, ಇಷ್ಟು ವಾಸನಿ?" ಒಣಗಿಸುವ ಪೆಟ್ಟಿಗೆ ತೋರಿಸಿದೆ. ಆಯಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಸುಳ್ಳಿಗೆ ಬೈಯದವಳು ಅದಕ್ಕೆ ಬೈದಳು.

"ಹುಚ್ಚಿ! ಮುಚ್ಚಳದ ಮಾತು ಎಷ್ಟ ಸಲ ಹೇಳೀನಿ? ಮದ್ದೆಲ್ಲಾ ಗ್ವಾಡಿಗೆ ಕುಡಿಸಿ, ಇಲಿಗೆ ಬರೇ ಕಸ ಕುಡಿಸೀದಿ."

ಸರ್ ನಗಲಿಲ್ಲ. ಎಲೆಯ ಎಣ್ಣೆ ಬಿಸಿಗೆ ಹಾರಿಹೋಗುವ ಜಾತಿಯದು, ಅದು ನಮಗೂ ಗೊತ್ತಿದ್ದ ಮಾತು. ಅವಸರದಲ್ಲಿ ಬಿಟ್ಟಿದ್ದೆ. ಆ ವಾರದಿಂದ ಎಲ್ಲವನ್ನೂ ಮುಚ್ಚಿದ ಪಾತ್ರೆಯಲ್ಲಿ, ಹಸಿ ಎಲೆಯಿಂದ, ಮೊದಲಿನಿಂದ ಶುರು ಮಾಡಿದೆವು. ಹಳ್ಳದ ದಂಡೆಯಲ್ಲಿ ನಾನು ಗಿಡದ ಮುಂದೆ ನಿಂತು, ಮುಮ್ತಾಜ್ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿರುವಾಗ, "ಗದಗಿನ ಇಲಿಗಳ ಪಾದದ ಸಲುವಾಗಿ," ಎಂದು ಗಟ್ಟಿಯಾಗಿ ಹೇಳಿ ಕಿತ್ತೆ. ಈ ಸಲ ಪಾದಗಳು ಇಳಿದವು. ಪೇಟೆಯ ಮಾತ್ರೆಯಷ್ಟಲ್ಲ, ಆದರೆ ಕಣ್ಣಿಗೆ ಕಾಣುವಷ್ಟು. ಕಟ್ಟೆಯ ಮುಂದೆ ಮತ್ತೆ ಜನ ಕೂತರು. ಆಯಿ ಅಂಗೈ ತಿರುಗಿಸಿ ನೋಡಿಕೊಳ್ಳುವುದನ್ನು ಬಿಟ್ಟಳು. ಆ ಎರಡು ತಿಂಗಳು ನನ್ನ ಜೀವನದ ಸುಖದ ದಿನಗಳು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ಆಯಿಯ ಮೊಣಕಾಲು ಮಾತ್ರ ಹಾಗೇ ಇದ್ದವು. ಬೆಟಗೇರಿಗೆ ಬಂದುಹೋದ ಮೇಲೆ ಇನ್ನೂ ಊದಿದ್ದವು. ತನ್ನ ಸಲುವಾಗಿ ತಾನು ಕೀಳುವಂತಿಲ್ಲ. ಗಂಡ ಇರುವವರೆಗೆ ಅವನು ಕೀಳುತ್ತಿದ್ದ, ಹೆಸರು ಹೇಳುವಾಗ "ಈ ಬಾಯಿಬಡಕಿ ಹುಸೇನಬಿ ಸಲುವಾಗಿ" ಎನ್ನುತ್ತಿದ್ದನಂತೆ. ಅವನು ಹೋದ ಮೇಲೆ ಯಾರೂ ಕಿತ್ತಿರಲಿಲ್ಲ. ಆಯಿ ಯಾರಿಗೂ ಕೇಳಿರಲಿಲ್ಲ. ಕೊನೆಯ ಭಾನುವಾರ, ಥೀಸಿಸ್ ಬರೆಯಲು ಕೂರುವ ಮೊದಲು, ನಾನು ಕೊಂಬೆಗೆ ಕೈ ಹಾಕಿ, "ಇವತ್ತ ನಿಮ್ಮ ಹೆಸರಲೇ ಕೀಳ್ತೀನ್ರಿ, ಆಯಿ," ಎಂದೆ.

ಬಂದು ಕೈ ಬಿಡಿಸಿದಳು. "ಈಗ ಬ್ಯಾಡ. ತಪ್ಪಲ ಬಲತೈತಿ. ನಿನ್ನ ಚಿತ್ತನೂ ಬರಿಯೋದ್ರ ಕಡೆ ಐತಿ. ಚಿತ್ತ ಬ್ಯಾರೆ ಕಡೆ ಇಟ್ಟು ಕೀಳಬಾರದು. ಮುಂದಿನ ಮೃಗಶಿರಕ್ಕ ಹೊಸ ತಪ್ಪಲ ಬರತೈತಿ. ಆಗ ಬಾ."

"ಖರೇನ ಬರ್ತೀನ್ರಿ."

"ಗಿಡದ ಮುಂದ ಹೇಳಾಕತ್ತಿ ನೋಡ," ಎಂದು ನಕ್ಕಳು.

ಮುಂದಿನ ಮೃಗಶಿರದ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತ್ತು. ಅದರ ಮುಂದಿನ ವರ್ಷ ಮದುವೆ. ಆಮೇಲೆ ಮಗಳು. ಇವೆಲ್ಲ ನೆಪ ಎಂದು ನನಗೆ ಗೊತ್ತು, ಹುಬ್ಬಳ್ಳಿಯಿಂದ ಮುಂಡರಗಿಗೆ ಎಷ್ಟು ದೂರ? ನಿಜ ಹೇಳಬೇಕೆಂದರೆ ನನಗೆ ಮುಖವಿರಲಿಲ್ಲ. ಥೀಸಿಸ್ಸಿನಲ್ಲಿ ಗಿಡದ ಹೆಸರು, ಊರಿನ ಹೆಸರು, ಕಿತ್ತವಳ ಹೆಸರು, ಪರಿಶೀಲಿಸಿದವರ ಹೆಸರು ಎಲ್ಲ ಬರೆದೆ. ಆಯಿಯ ಜಾಗದಲ್ಲಿ 'ಸ್ಥಳೀಯ ಮಾಹಿತಿದಾರರು' ಎಂದು ಬರೆದೆ. ಆ ಕಾಲಕ್ಕೆ ಎಲ್ಲರೂ ಹಾಗೇ ಬರೆಯುತ್ತಿದ್ದರು. ಹೆಸರು ಹೇಳದೆ ಒಂದೆಲೆ ಮುಟ್ಟದವಳ ಹೆಸರನ್ನೇ ಬಿಟ್ಟು ಪುಸ್ತಕ ಬೈಂಡ್ ಮಾಡಿಸಿದೆ. ಅದನ್ನು ಕಂಕುಳಲ್ಲಿಟ್ಟುಕೊಂಡು ಯಾವ ಮುಖದಿಂದ ಆ ಕಟ್ಟೆಗೆ ಹೋಗಲಿ? ಒಂದು ವರ್ಷ ತಡವಾದ ಮೇಲೆ ಎರಡನೆಯ ವರ್ಷ ಹೋಗುವುದು ಇನ್ನೂ ಕಷ್ಟ. ಐದಾದ ಮೇಲೆ ಕೇಳುವುದೇ ಬೇಡ.

ಈ ಬೇಸಿಗೆಯಲ್ಲಿ ಅವ್ವನ ಮೊಣಕಾಲು ಉಬ್ಬಿದವು. ಮೊದಲು ಒಂದು, ಆಮೇಲೆ ಎರಡೂ, ಆಮೇಲೆ ಹಿಮ್ಮಡಿ. ನಾನು ಹಳ್ಳದ ದಂಡೆಯಲ್ಲಿ ಹೇಳಿದ ಅದೇ ಸರತಿಯಲ್ಲಿ. ಮಗ್ಗ ನಿಂತು ಎರಡು ವರ್ಷವಾಗಿದೆ, ವಯಸ್ಸು ಅರವತ್ತಾರು, ಈ ವಯಸ್ಸಿಗೆ ಇದೇ ಸರತಿ ಎಂದು ಡಾಕ್ಟರೂ ಹೇಳಿದರು, ನನಗೂ ಗೊತ್ತು. ಆದರೂ ಆ ಊದಿದ ಕಾಲು ನೋಡಲಾರದೆ ಅವಳ ಸೀರೆಯ ನೆರಿಗೆ ಇಳಿಬಿಟ್ಟೆ. ಮಾತ್ರೆ ನುಂಗಿದರೆ ಅವಳಿಗೆ ಹೊಟ್ಟೆ ಉರಿ. ಒಂದು ದಿನ ತಾನೇ ಹೇಳಿದಳು: "ಆ ಆಯಿ ಕಡೆ ಹೋಗಿ ತಪ್ಪಲ ತಂದು ಕೊಡ. ಈ ಸಲರ ಸುಳ್ಳ ಹೇಳೋದಿಲ್ಲಲ್ಲ ನೀ."

ಅದಕ್ಕೇ ಬಂದದ್ದು, ಬದುವಿನ ಕಲ್ಲಿನ ಮೇಲೆ ಕೂತದ್ದು. ಎದ್ದು ಹೋದೆ. ಕಟ್ಟೆ ಹಾಗೇ ಇತ್ತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಬಾಗಿಲಿಗೆ ಬಂದ ದಪ್ಪನೆಯ ಹೆಂಗಸು ನನ್ನನ್ನು ನೋಡಿ, ಹಣೆಗೆ ಕೈ ಹಚ್ಚಿ ಮತ್ತೆ ನೋಡಿ, "ತಪ್ಪಲದ ಅಕ್ಕಾರು!" ಎಂದಳು. ಮುಮ್ತಾಜ್. ಕೈ ಹಿಡಿದು ಒಳಗೆ ಕರೆದುಕೊಂಡಳು. ಆಯಿ ಹೋಗಿ ಎರಡು ಮಳೆಗಾಲವಾಗಿತ್ತು.

ನಾನು ಕೇಳಬಾರದೆಂದುಕೊಂಡದ್ದನ್ನೇ ಕೇಳಿದೆ. "ಕಾಲು ಬಾಳ ನೋವಿದ್ದುವೇನು?"

"ಇದ್ದುವ್ರಿ. ಆಯಿ ನನಗ ಕೀಳಾಕ ಕಲಿಸಿದ್ಲು. ದಿನಾ ನಾನ ಆಕಿ ಹೆಸರ ಹೇಳಿ ಕಿತ್ತು ಹಚ್ಚತಿದ್ದೆ. ಆರಾಮನೂ ಅನಸ್ತಿತ್ತು ಆಕಿಗೆ." ಮುಮ್ತಾಜ್ ತನ್ನ ಬಲ ಮೊಣಕಾಲು ಮುಟ್ಟಿ ತೋರಿಸಿದಳು. "ಬಲಗಾಲಿಗೆ ಅಷ್ಟ ಹಚ್ಚಿಸ್ಕೊಂತಿದ್ಲು. ಎಡಗಾಲ ಮುಟ್ಟಿದ್ರ ಕೈ ಬಡೀತಿದ್ಲು. 'ಇದು ಬೆಟಗೇರಿಯಾಕಿದು, ಗಿಡದ ಮುಂದ ಮಾತ ಕೊಟ್ಟಾಳ, ಬಿಡ' ಅಂತಿದ್ಲು. ನಕ್ಕೋತ ಅಂತಿದ್ಲ್ರೀ ಅಕ್ಕಾ. ಆದ್ರ ಹಚ್ಚಾಕ ಬಿಡಲಿಲ್ಲ."

ಹಿತ್ತಲ ಬಾಗಿಲಿನಿಂದ ಹಳ್ಳಕ್ಕೆ ಇಳಿದೆ. ಮಳೆ ಬಿದ್ದ ಮೇಲಿನ ಹೊಸ ಎಲೆ, ಆಯಿ ಹೇಳಿದ್ದ ತಪ್ಪಲ, ಕೊಂಬೆ ತುಂಬ ಬಂದಿತ್ತು. ಗಿಡದ ಮುಂದೆ ನಿಂತು, "ಬೆಟಗೇರಿ ನೀಲವ್ವನ ಮೊಣಕಾಲ ಸಲುವಾಗಿ," ಎಂದೆ. ಎಷ್ಟೋ ಸಲ ಹೇಳಿದ ಮಾತು, ಖರೆ ಹೇಳಿದ್ದು ಅದೇ ಮೊದಲು. ಚೀಲದಲ್ಲಿ ಹಾಕಿಟ್ಟೆ. ಆಮೇಲೆ ಕೈ ತೊಳೆದುಕೊಂಡು ಬಂದು ಇನ್ನೊಂದು ಕೊಂಬೆ ಹಿಡಿದೆ. ಚಿತ್ತ ಬೇರೆ ಕಡೆ ಇರಲಿಲ್ಲ. "ಹುಸೇನಬಿ ಸಲುವಾಗಿ. ಇದೇ ಊರು. ಎಡಗಾಲು." ತುದಿ ಬಿಟ್ಟೆ, ಬುಡದ ಹಣ್ಣೆಲೆ ಬಿಟ್ಟೆ, ನಡುವಿನದು ಕಿತ್ತೆ.

ಮುಮ್ತಾಜ್ ಒಲೆ ಹಚ್ಚಿ, ಅಟ್ಟದಿಂದ ಆಯಿಯ ಬೋಗುಣಿ ಇಳಿಸಿ ಕೊಟ್ಟಳು. ಔಡಲೆಣ್ಣೆ, ಮುಚ್ಚಳ, ಹಸಿ ಬಟ್ಟೆ. ವಾಸನೆ ಒಂದಿಷ್ಟೂ ಹೊರಗೆ ಬರಲಿಲ್ಲ. ಆಯಿಯನ್ನು ಅವರದೇ ಹೊಲದ ಮೂಲೆಯಲ್ಲಿ, ಗಂಡನ ಮಗ್ಗುಲಿಗೆ ಮಣ್ಣು ಮಾಡಿದ್ದರು. ಎರಡು ಕಲ್ಲು, ನಡುವೆ ಹಸಿ ಹುಲ್ಲು. ಬಿಸಿ ಬೋಗುಣಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ನಿಂತೆ.

"ತಲಿ ಯಾವ ಕಡೆ?" ಎಂದೆ.

"ಉತ್ತರಕ್ಕ. ಮಾರಿ ಪಡುವಣಕ್ಕ," ಎಂದಳು ಮುಮ್ತಾಜ್.

ತಲೆ ಉತ್ತರಕ್ಕೆ, ಮುಖ ಪಡುವಣಕ್ಕೆ. ಹಾಗಾದರೆ ಎಡಗಾಲು ಮೂಡಣಕ್ಕೆ. ಆಯಿ ಗಿಡ್ಡ ಆಳು, ಮೊಣಕಾಲು ಇಲ್ಲಿರಬೇಕು ಎಂದು ಅಂದಾಜು ಮಾಡಿ, ಮೂಡಣದ ಮಗ್ಗುಲಿಗೆ ಕೂತು, ಅಲ್ಲಿಯೇ ಮುಚ್ಚಳ ತೆಗೆದೆ. ಒಂದು ಹಿಡಿ ಎಲೆ ತೆಗೆದು, ಸುಡುತ್ತದೆಯೇ ಎಂದು ಮೊದಲು ನನ್ನ ಮುಂಗೈ ಮೇಲೆ ಇಟ್ಟು ನೋಡಿದೆ.